ಆಚೆ ದಂಡೆಯ ಕೊಕ್ಕರೆಗಳು

ನಮ್ಮೂರಿನಲ್ಲಿ ಯಾರಿಗೆ ಯಾವುದರ ಭಯ ಎಂದು ಕೇಳುವುದು ಮರ್ಯಾದೆಯಲ್ಲ. ಕೇಳುವ ಅಗತ್ಯವೂ ಇಲ್ಲ. ಭಯ ಬಿದ್ದವರ ಪಕ್ಕದಲ್ಲಿ ಒಂದು ಬಿಳಿ ಕೊಕ್ಕರೆ ನಿಂತಿರುತ್ತದೆ. ಅದು ಕಾಳು ತಿನ್ನುವುದಿಲ್ಲ, ಕುಕ್ಕುವುದಿಲ್ಲ, ಕೂಗುವುದಿಲ್ಲ. ಒಂಟಿಕಾಲಿನಲ್ಲಿ ನಿಂತು ಬಕಧ್ಯಾನ ಮಾಡುತ್ತದೆ, ಅಷ್ಟೆ. ಮಕ್ಕಳದು ಗುಬ್ಬಿಯಷ್ಟಿರುತ್ತದೆ, ದೊಡ್ಡವರದು ಎದೆಮಟ್ಟ. ಹೆಣ್ಣು ನೋಡಲು ಬಂದ ಬೀಗರು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಅಲ್ಲಿ ಎಷ್ಟು ಕೊಕ್ಕರೆ ನಿಂತಿವೆ ಎಂದು ನೋಡಿಕೊಂಡು ಬರುತ್ತಾರೆ. ಬಸ್ಸಿನಲ್ಲಿ ಅವಕ್ಕೆ ಟಿಕೆಟ್ ಇಲ್ಲ. "ಸೀಟು ಕೇಳದವರಿಗೆ ಎಲ್ಲೀ ಟಿಕೀಟು?" ಎನ್ನುತ್ತಾನೆ ಕಂಡಕ್ಟರ್ ದಾದಾಪೀರ.

ಕೊಕ್ಕರೆಯನ್ನು ಓಡಿಸಲು ಬರುವುದಿಲ್ಲ. ಕೋಲು ಎತ್ತಿದರೆ ಪಕ್ಕಕ್ಕೆ ಸರಿದು ಮತ್ತೆ ನಿಲ್ಲುತ್ತದೆ. ಹೆದರಿ ನೀವು ಓಡಿದಿರೋ, ಒಂದು ಹೆಜ್ಜೆ ಹತ್ತಿರ ಬರುತ್ತದೆ. ಓಡದೆ ನಿಂತು, ಆಗಬಾರದ್ದು ಏನೂ ಆಗಲಿಲ್ಲವಲ್ಲ ಎಂದು ಕಣ್ಣಾರೆ ಕಂಡರೆ ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಇದಕ್ಕೆ ನಾವು ಹೆಜ್ಜೆ ಬಿಡಿಸುವುದು ಎನ್ನುತ್ತೇವೆ. ಮನೆಯೊಳಗಿಂದ ಅಂಗಳಕ್ಕೆ, ಅಂಗಳದಿಂದ ಓಣಿಗೆ, ಓಣಿಯಿಂದ ಕೆರೆಯ ಏರಿಗೆ, ಕೊನೆಗೊಂದು ದಿನ ನೀರು ದಾಟಿ ಆಚೆ ದಂಡೆಗೆ. ಆ ದಿನ ಬೀಳ್ಕೊಡುಗೆ. ಓಣಿಯವರೆಲ್ಲ ಏರಿಯ ಮೇಲೆ ಸೇರುತ್ತಾರೆ, ಫಕೀರಪ್ಪ ಮಾಸ್ತರರು ಅವಲಕ್ಕಿ ಬೆಲ್ಲದ ತಾಟು ನೀರಿಗೆ ಬಿಡುತ್ತಾರೆ, ಆಮೇಲೆ ಎಲ್ಲರೂ ಕೆರೆಗೆ ಬೆನ್ನು ಹಾಕಿ ಮನೆಗೆ ಬರಬೇಕು. ತಿರುಗಿ ನೋಡುವಂತಿಲ್ಲ. ಆ ಭಯದ ಹೆಸರನ್ನು ಮತ್ತೆ ಎತ್ತುವಂತಿಲ್ಲ. ಬಂದು ಹೋಳಿಗೆ ಊಟ. ಮಾಸ್ತರರು ಮಾತ್ರ ಊಟಕ್ಕೆ ಕೂಡುತ್ತಿರಲಿಲ್ಲ. ಹೊರಗೆ ಉಣ್ಣದ ವ್ರತ ತಮ್ಮದು ಎನ್ನುತ್ತಿದ್ದರು. ಆಚೆ ದಂಡೆಯ ಆಪು ಹುಲ್ಲಿನ ನಡುವೆ ಬೆಳ್ಳಗೆ ಏನಾದರೂ ಕಂಡರೆ ಅದು ಬರಿಯ ಕೊಕ್ಕರೆ, ಮೀನು ಹಿಡಿಯಲು ಬಂದದ್ದು ಎಂದು ಊರೆಲ್ಲ ಒಪ್ಪಿಕೊಂಡಿತ್ತು.

ನನ್ನ ಅಕ್ಕ ನೀಲಗಂಗವ್ವ ಬಸ್ ಸ್ಟ್ಯಾಂಡಿನ ಎದುರಿಗೆ ಖಾನಾವಳಿ ನಡೆಸುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಒಬ್ಬಳೇ. ನಾನು, ಕಸ್ತೂರಿ, ಕೆರೆ ಓಣಿಯಲ್ಲಿ ಜಂಪರು ಹೊಲಿಯುವವಳು. ಬಾಯಿ ನನ್ನದು ಜೋರು, ಕೈ ಅವಳದು. ಅವಳ ಬೇಳೆಸಾರಿಗಾಗಿ ದಾದಾಪೀರನ ಬಸ್ಸು ದಿನಾ ತಡವಾಗಿ ಹೊರಡುತ್ತಿತ್ತು. ಪ್ರಯಾಣಿಕರು ಜಗಳ ತೆಗೆಯುತ್ತಿರಲಿಲ್ಲ, ಯಾಕೆಂದರೆ ಅವರೂ ಅಲ್ಲೇ ಉಣ್ಣುತ್ತಿದ್ದರು. ಅಕ್ಕನಿಗೆ ಮಕ್ಕಳಿಲ್ಲ. ಆ ಒಲೆ, ಆ ನಾಲ್ಕು ಬೆಂಚು, ಉಂಡವರು ಕೈ ತೊಳೆಯುತ್ತ ತೇಗುವ ಸಪ್ಪಳ, ಇದೇ ಅವಳ ಸಂಸಾರ.

ಒಂದು ಮಧ್ಯಾಹ್ನ ಅವಳ ದೊಡ್ಡ ಕುಕ್ಕರ್ ಸೀಟಿ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು, ಆಮೇಲೆ ಸಿಡಿಯಿತು. ಮುಚ್ಚಳ ತಗಡಿನ ಮಾಡು ಹರಿದುಕೊಂಡು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಬಿತ್ತು. ಅಕ್ಕನ ಬಲಗೈ ಮೊಣಕೈವರೆಗೆ ಸುಟ್ಟಿತು. ನಾನು ಓಡಿ ಬಂದಾಗ ಗೋಡೆಯ ತುಂಬ ಬೇಳೆ, ಕೋಣೆಯ ತುಂಬ ಹಬೆ. ಹಬೆಯ ನಡುವೆ ಒಂದು ಕಲೆಯೂ ಇಲ್ಲದ ಕೊಕ್ಕರೆ, ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ ನಿಂತಿತ್ತು.

ಖಾನಾವಳಿಗೆ ಕೀಲಿ ಹಾಕಿ ಅಕ್ಕನನ್ನು ನನ್ನ ಮನೆಗೆ ಕರೆತಂದೆ. ಕೈ ವಾಸಿಯಾಯಿತು. ಸೀಟಿ ವಾಸಿಯಾಗಲಿಲ್ಲ. ಬೆಳಗಿನ ಹೊತ್ತು ನಮ್ಮ ಓಣಿಯಲ್ಲಿ ಒಂದರ ಹಿಂದೊಂದು ಮನೆ ಸೀಟಿ ಹೊಡೆಯುತ್ತದೆ. ಯಾರ ಮನೆಯಲ್ಲಿ ಅನ್ನ ಆಯಿತು, ಯಾರದ್ದು ಇನ್ನೂ ಕಾಳು ಬೇಯುತ್ತಿದೆ ಎಂದು ಹಾಸಿಗೆಯಲ್ಲೇ ತಿಳಿಯುತ್ತದೆ. ಮೊದಲ ಸೀಟಿಗೇ ಅಕ್ಕ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಕೊಕ್ಕರೆ ಒಂದೊಂದೇ ಹೆಜ್ಜೆ ಹತ್ತಿರ ಬಂತು. ಕೆಲವೇ ದಿನಗಳಲ್ಲಿ ಅವಳು ಕೂತರೆ ಅದರ ರೆಕ್ಕೆ ಅವಳ ಭುಜಕ್ಕೆ ತಾಗುತ್ತಿತ್ತು. ಊರಿಗೆಲ್ಲ ಉಣಬಡಿಸಿದವಳು ನನ್ನ ಮನೆಯಲ್ಲಿ ಗೋಡೆಗೆ ಮುಖ ಮಾಡಿ, ನಾನು ಬೇಯಿಸಿದ ಅರೆಬೆಂದ ಅನ್ನ ಉಣ್ಣುತ್ತಿದ್ದಳು.

ಹೆಜ್ಜೆ ಬಿಡಿಸಲು ನಾನೇ ಕೂತೆ. ಮೊದಲು ಬಾಯಲ್ಲೇ ಸೀಟಿ ಹೊಡೆದೆ. ಅಕ್ಕ ಅಂಥದ್ದರಲ್ಲೂ, "ಹೆಣ್ಣಾಗಿ ಸೀಟಿ ಹೊಡೀತಿ, ನಾಚಿಕಿ ಬರೂದಿಲ್ಲೇನ?" ಎಂದು ಬೈದಳು. ಬೈಯುವ ಭರದಲ್ಲಿ ಓಡುವುದನ್ನು ಮರೆತಳು. ಕೊಕ್ಕರೆ ಕಾಲು ಬದಲಿಸಿ ಒಂದು ಹೆಜ್ಜೆ ಹಿಂದೆ ಹೋಯಿತು. ಆಮೇಲೆ ಓಣಿಯ ಕೊನೆಯ ಮನೆಯ ಸೀಟಿ ಕೇಳಿಸಿಕೊಂಡು ಕೂತೆವು. ಆಮೇಲೆ ಗೋಡೆಯಾಚೆಯ ಮನೆಯದು. ಆಮೇಲೆ ನನ್ನ ಪುಟ್ಟ ಕುಕ್ಕರಿನಲ್ಲಿ ಬರೀ ನೀರು ಹಾಕಿ ಒಲೆಗಿಟ್ಟು, ಬಾಗಿಲು ತೆರೆದಿಟ್ಟು, ಅವಳ ಎಡಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಪ್ರತಿ ಸೀಟಿ ನಿಂತ ಮೇಲೂ ನಾನು "ಇಗೋ, ಆತು" ಎನ್ನುತ್ತಿದ್ದೆ. ಅವಳು ಉಸಿರು ಬಿಡುತ್ತಿದ್ದಳು. ಕೊಕ್ಕರೆ ಹೊಸ್ತಿಲು ದಾಟಿತು, ಅಂಗಳ ದಾಟಿತು. ಆ ದಿನಗಳು ಈಗ ನೆನಪಾದರೆ ಅರೆನಿದ್ದೆಯಲ್ಲಿ ಕಂಡ ಹಾಗಿವೆ: ಕಿಟಕಿಯಿಂದ ಬೀಳುವ ಬಿಸಿಲು, ಹಬೆಯ ವಾಸನೆ, ಓಣಿಯಲ್ಲಿ ಹಿಮ್ಮುಖವಾಗಿ ನಡೆಯುತ್ತಿರುವ ಬಿಳಿ ಹಕ್ಕಿ, ನನ್ನ ಕೈಯೊಳಗೆ ಮೆತ್ತಗಾಗುತ್ತಿರುವ ಅಕ್ಕನ ಕೈ.

ಮಳೆಗಾಲ ಮುಗಿಯುವ ಹೊತ್ತಿಗೆ ಅದು ಕೆರೆ ದಾಟಿತು. ಬೀಳ್ಕೊಡುಗೆ ನಡೆಯಿತು. ನಾವು ಬೆನ್ನು ಹಾಕಿ ಬಂದೆವು. ಅಕ್ಕ ನನ್ನ ಅಡುಗೆಮನೆಯಲ್ಲಿ ಕುಕ್ಕರಿನಲ್ಲೇ ಬೇಳೆ ಬೇಯಿಸಿ ಓಣಿಗೆಲ್ಲ ಹೋಳಿಗೆ ಹಾಕಿದಳು. ಕುಕ್ಕರ್ ಕೂಗಿದರೆ, "ಬಂದೆ ಬಂದೆ, ಏನ್ ಅವಸರ" ಎಂದು ಅದಕ್ಕೇ ಉತ್ತರ ಕೊಡುತ್ತಿದ್ದಳು. ಮಾಸ್ತರರು ಬಾಗಿಲಲ್ಲೇ ನಿಂತು ಹರಸಿ ಹೋದರು. ನಾನು ಒಳಗೊಳಗೇ ಉಬ್ಬಿ ಹೋಗಿದ್ದೆ.

ಖಾನಾವಳಿ ತೆರೆಯುವ ದಿನ ದಾದಾಪೀರ ಬಸ್ಸನ್ನೇ ಬಾಗಿಲಿಗೆ ತಂದು ನಿಲ್ಲಿಸಿದ. ಮಾಡಿಗೆ ಹೊಸ ತಗಡು, ಒಲೆಯ ಮೇಲೆ ಹೊಸ ಕುಕ್ಕರ್. ಬೆಂಚು ತುಂಬಿದ್ದವು. ನಾನು ನೀರು ಕೊಡುತ್ತಿದ್ದೆ. ಒಳಗೆ ಕುಕ್ಕರ್ ಬುಸುಗುಡಲು ಶುರುವಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಆ ಕೊಕ್ಕರೆ ಬೆಂಚುಗಳ ನಡುವೆ ಯಾರಿಗೂ ತಾಗದಂತೆ ನಡೆದು ನೇರ ಅಡುಗೆಮನೆಗೆ ಹೋಯಿತು. ಮೊದಲಿಗಿಂತ ಒಂದು ಗೇಣು ಎತ್ತರವಾಗಿತ್ತು. ಕುಕ್ಕರ್ ಸೀಟಿ ಹೊಡೆಯಿತು. ಸೌಟು ಬಿದ್ದ ಸದ್ದು, ಹಿಂದಿನ ಬಾಗಿಲು ಬಡಿದ ಸದ್ದು. ಉಣ್ಣಲು ಬಂದವರೆಲ್ಲ ತಲೆ ತಗ್ಗಿಸಿ ಖಾಲಿ ತಾಟು ನೋಡತೊಡಗಿದರು. ಬೀಳ್ಕೊಟ್ಟ ಕೊಕ್ಕರೆ ತಿರುಗಿ ಬಂದರೆ ಅದನ್ನು ನೋಡದಿರುವುದು ನಮ್ಮಲ್ಲಿ ಶಿಷ್ಟಾಚಾರ. ಆ ಶಿಷ್ಟಾಚಾರಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು ನನಗೆ. ನಾನೇ ಒಲೆ ಆರಿಸಿದೆ.

ಅಕ್ಕ ಖಾನಾವಳಿಯ ಹಿಂದಿನ ಕೋಣೆ ಸೇರಿ ಅಗುಳಿ ಹಾಕಿಕೊಂಡಳು. ನನ್ನ ಮನೆಗೂ ಬರಲಿಲ್ಲ. "ಊರ ಮುಂದ ಬೀಳ್ಕೊಟ್ಟು ಬಂದಾಕಿ ನಾನು. ಹೋಳಿಗಿ ಉಣಿಸೀನಿ. ಈಗ ಯಾವ ಮುಖಾ ತೋರಿಸ್ಲಿ?" ಎಂದು ಬಾಗಿಲ ಒಳಗಿನಿಂದಲೇ ಅಂದಳು. "ನನ್ನೊಳಗ ಏನೋ ಕೆಟ್ಟೈತಿ, ಕಸ್ತೂರಿ. ಎಲ್ಲಾರಿಗೂ ಹೋಗೂದು ನನಗ ಯಾಕ ಹೋಗವಲ್ದು?" ಮೊಬೈಲ್ ಅಂಗಡಿ ಹಾಕಲು ಜಾಗ ಹುಡುಕುತ್ತಿದ್ದ ಒಬ್ಬನಿಗೆ ಖಾನಾವಳಿ ಬಿಟ್ಟುಕೊಡುವುದಾಗಿ ಹೇಳಿ ಕಳಿಸಿದಳು. ಅವನು ಹುಣ್ಣಿಮೆ ಕಳೆದು ಬರುತ್ತೇನೆ ಎಂದ. ಒಲೆ ಕಿತ್ತರೆ ಅಕ್ಕ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಉಸಿರಾಡಿಕೊಂಡು ಇರಬಹುದು, ಆದರೆ ಅಕ್ಕ ಅಲ್ಲ.

ಮಾಸ್ತರರ ಮನೆಗೆ ಹೋದೆ. ಅವರು ಕದವನ್ನು ಅರ್ಧ ಮಾತ್ರ ತೆರೆದರು. "ತಿರುಗಿ ಬರೂದಿಲ್ಲವ್ವ," ಎಂದರು. "ಬಂದೈತಿ ಅಂದ್ರ ಆಕಿ ಪೂರಾ ಮನಸ್ಸಿಟ್ಟು ಬೀಳ್ಕೊಟ್ಟಿಲ್ಲ ಅಂದಂಗಾತು." "ನಮ್ಮಕ್ಕ ಎದಿ ಬಿಚ್ಚಿ ಬೀಳ್ಕೊಟ್ಟಾಳ್ರಿ. ಬಾಗಲಾ ಪೂರಾ ತಗದು ಮಾತಾಡ್ರಿ," ಎಂದೆ ನಾನು. ಅವರು ತೆರೆಯಲಿಲ್ಲ. ಅವರ ಹಿಂದೆ ಮಾಸಲು ಬಿಳಿಯ ಏನೋ ಅಲುಗಿತು; ಪರದೆ ಇರಬೇಕು ಎಂದುಕೊಂಡು ಹೊರಟೆ.

ಸಿಟ್ಟು ಬಂದರೆ ನನಗೆ ಕಾಲು ನಿಲ್ಲುವುದಿಲ್ಲ. ಹಾಗೇ ಏರಿಯ ಮೇಲೆ ನಡೆದೆ. ಏರಿ ಮುಗಿಯಿತು, ನಾನು ನಿಲ್ಲಲಿಲ್ಲ. ಕೆರೆ ಸುತ್ತಿಕೊಂಡು ಆಚೆ ದಂಡೆಗೆ ಹೋದೆ. ನಮ್ಮೂರಿನವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ನಡುಹಗಲು. ನೀರಿನ ಮೇಲೆ ಬಿಸಿಲು ಕದಲುತ್ತಿತ್ತು, ಗಾಳಿ ಇರಲಿಲ್ಲ. ಆಪಿನ ನಡುವೆ ಅವು ನಿಂತಿದ್ದವು. ಹತ್ತಲ್ಲ, ನೂರಲ್ಲ, ದಂಡೆಯ ಉದ್ದಕ್ಕೂ ತೊಳೆದ ಬಟ್ಟೆ ಒಣಹಾಕಿದ ಹಾಗೆ. ಒಂದೂ ಮೀನು ಹಿಡಿಯುತ್ತಿರಲಿಲ್ಲ. ಎಲ್ಲವೂ ಊರಿನ ಕಡೆ ಮುಖ ಮಾಡಿ, ಒಂದೊಂದೂ ಒಂದೊಂದು ಮನೆಯನ್ನು ನೋಡುತ್ತಿದ್ದವು. ಒಂದು ಹಕ್ಕಿ ಮಾತ್ರ ಯಾವ ಮನೆಯನ್ನೂ ನೋಡದೆ ನೀರನ್ನು ನೋಡುತ್ತಿತ್ತು; ಸತ್ತುಹೋದ ನಮ್ಮ ಅತ್ತೆಯದಿರಬೇಕು, ನೋಡಲು ಮನೆಯೊಳಗೆ ಅವಳಿಲ್ಲ.

ನನ್ನದೂ ಅಲ್ಲಿತ್ತು. ಚಿಕ್ಕಂದಿನಲ್ಲಿ ನಾಯಿ ಕಚ್ಚಿದಾಗ ಬಂದದ್ದು. ಎಡರೆಕ್ಕೆಯಲ್ಲಿ ಒಂದು ಗರಿ ಇಲ್ಲ; ಅದು ಹೋಗಲೊಲ್ಲದು ಎಂಬ ಸಿಟ್ಟಿಗೆ ನಾನೇ ಕಿತ್ತಿದ್ದೆ. ಗುಬ್ಬಿಯಷ್ಟಿದ್ದದ್ದು ನನ್ನ ಜೊತೆಗೇ ಬೆಳೆದು ಎದೆಮಟ್ಟ ಆಗಿತ್ತು. ನಮ್ಮ ಓಣಿಯ ನಾಯಿಗಳಿಗೆಲ್ಲ ನಾನು ರೊಟ್ಟಿ ಹಾಕುತ್ತೇನೆ. ಆದರೆ ಪರಊರಿನ ಮದುವೆಗೆ ಹೋದಾಗ ಒಂದು ಬಡಕಲು ನಾಯಿ ಬೊಗಳಿದ್ದಕ್ಕೆ ರೇಷ್ಮೆ ಸೀರೆಯಲ್ಲೇ ಕಾಂಪೌಂಡು ಹತ್ತಿದ್ದೆ; ಪಕ್ಕದಲ್ಲಿ ಬೆಳ್ಳಗೆ ಏನೋ ಕಂಡರೂ ತಿರುಗಿ ನೋಡಿರಲಿಲ್ಲ. ಆ ನಾಯಿಯೇ ಕೆಟ್ಟದ್ದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಈಗ ತಿಳಿಯಿತು. ಯಾವುದೂ ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಓಣಿಯ ನಾಯಿ ಕಚ್ಚುವುದಿಲ್ಲ ಎಂಬ ಪಾಠವನ್ನು ಇದು ಕಲಿತಿತ್ತು, ಅಷ್ಟೆ, ಕಚ್ಚಿದ್ದನ್ನು ಮರೆತಿರಲಿಲ್ಲ. ಅಕ್ಕನ ಕೊಕ್ಕರೆಗೂ ನಾವು ಕಲಿಸಿದ್ದು ನನ್ನ ಅಡುಗೆಮನೆಯ ಪಾಠ ಮಾತ್ರ. ಬೆನ್ನು ಹಾಕಿ ಬರುವವರಿಗೆ ಇದೆಲ್ಲ ಹೇಗೆ ಕಾಣಬೇಕು? ಗರಿ ಇಲ್ಲದ ನನ್ನ ಹಕ್ಕಿಯ ಮುಂದೆ ಸ್ವಲ್ಪ ಹೊತ್ತು ಕೂತೆ. ಅದು ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. "ಗರಿ ಕಿತ್ತಿದ್ದಕ್ಕ ಸಿಟ್ಟ ಮಾಡ್ಕೋಬ್ಯಾಡ," ಎಂದು ಹೇಳಿ ಎದ್ದು ಬಂದೆ.

ಅಕ್ಕನ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕಂಡದ್ದನ್ನೆಲ್ಲ ಹೇಳಿದೆ. "ಎಲ್ಲಾರ್ದೂ ಅದಾವು?" ಎಂದಳು. "ಎಲ್ಲಾರ್ದೂ." "ಅಂದ್ರ ಇದು ಸಾಯೂದಿಲ್ಲ?" "ಇಲ್ಲಕ್ಕ. ದೂರ ನಿಂದರತೈತಿ." ಆಮೇಲೆ ಸಣ್ಣ ಹುಡುಗಿಯ ದನಿಯಲ್ಲಿ, "ಹಂಗಾದ್ರ ತಪ್ಪು ನಂದಲ್ಲ?" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಅಗುಳಿ ತೆಗೆದ ಸದ್ದಾಯಿತು. ಅವಳ ಮುಖ ಬಾಡಿತ್ತು, ಕೊಕ್ಕರೆ ಅವಳ ಭುಜಕ್ಕೆ ಒತ್ತಿಕೊಂಡಿತ್ತು. ನಾನು ಇಬ್ಬರನ್ನೂ ಸರಿಸಿ ಒಳಗೆ ಹೋಗಿ ಚಹಾ ಮಾಡಿದೆ.

ಮರುದಿನ ಅವಳ ಒಲೆಯ ಮುಂದೆ ಮೊದಲಿನಿಂದ ಶುರುಮಾಡಿದೆವು. ಬಾಗಿಲು ತೆರೆದು, ನೀರು ಮಾತ್ರ ಇಟ್ಟು, ನಾನು ಅವಳ ಕೈ ಹಿಡಿದು ಕೂತೆ. ಸೀಟಿ ಆಯಿತು. "ಇಗೋ, ಆತು." ಕೊಕ್ಕರೆ ಒಂದು ಹೆಜ್ಜೆ ಬಿಟ್ಟಿತು. ನಾನು ನೀರು ತರಲು ಎದ್ದು ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅದು ಮತ್ತೆ ಅವಳ ಪಕ್ಕದಲ್ಲಿತ್ತು. ಹೀಗೇ ಎಷ್ಟೋ ಸಲ ಆಯಿತು. ಒಂದು ದಿನ ಅಕ್ಕ ನನ್ನ ಕೈಯೊಳಗಿಂದ ತನ್ನ ಕೈ ಬಿಡಿಸಿಕೊಂಡಳು. "ಕಸ್ತೂರಿ, ಇದು ನಿನ್ನ ಕೈಗೆ ಹೆಜ್ಜಿ ಬಿಡಾಕತ್ತೈತಿ, ನನಗಲ್ಲ. ನೀ ಇರೂತನಕ ಏನೂ ಆಗೂದಿಲ್ಲ ಅಂತ ಕಲತೈತಿ. ನೀ ಹೊರಗ ಕುಂದ್ರು." ನಾನು, "ಅಲ್ಲಕ್ಕ..." ಎಂದೆ. "ಹೊರಗ," ಎಂದಳು.

ನನಗೆ ಬಹಳ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ದಿನ ಗಟ್ಟಿಯಾಗಿ ಹಿಡಿದದ್ದೇ ಪ್ರೀತಿ ಎಂದುಕೊಂಡಿದ್ದೆ. ಹೊರಗಿನ ಬೆಂಚಿನ ಮೇಲೆ ಕೂತು ಸೆರಗಿನ ಅಂಚು ಕಚ್ಚಿಕೊಂಡೆ. ಒಳಗೆ ಬುಸುಗುಡುವ ಸದ್ದು, ಸೀಟಿ. ಆಮೇಲೆ ಏನೂ ಇಲ್ಲ. "ಇಗೋ, ಆತು" ಎಂದು ಅವಳೇ ಹೇಳಿಕೊಂಡದ್ದು ಕೇಳಿಸಿತು. ಅಂದಿನಿಂದ, ಒಂದೇ ಒಲೆಯ ಪಾಠ ಸಾಲದು ಎಂದು, ಅವಳು ಕುಕ್ಕರ್ ಬಗಲಲ್ಲಿ ಇಟ್ಟುಕೊಂಡು ಊರು ತಿರುಗತೊಡಗಿದಳು. ದಾದಾಪೀರನ ಮನೆಯ ಒಲೆ, ಶಾಲೆಯ ಬಿಸಿಯೂಟದ ಒಲೆ, ಮದುವೆ ಮನೆಯ ಗದ್ದಲದ ಒಲೆ, ಯಾರೂ ಇಲ್ಲದ ಹಿತ್ತಲ ಒಲೆ. ಕೊಕ್ಕರೆ ಹಿಂದೆ ಹಿಂದೆ. ಅದಕ್ಕೆ ಸೀರೆ ಹೊದಿಸಿ ಮುಚ್ಚಲಿಲ್ಲ, ಸಂದಿಗೊಂದಿ ಹಿಡಿಯಲಿಲ್ಲ, ನಡುಬೀದಿಯಲ್ಲೇ ನಡೆದಳು. ಜನ ಮೊದಮೊದಲು ನೆಲ ನೋಡುತ್ತಿದ್ದರು. ದಾದಾಪೀರ ಮಾತ್ರ ಬಸ್ಸಿನ ಬಾಗಿಲಲ್ಲಿ ನಿಂತು, "ಏ, ದಾರಿ ಬಿಡ್ರೋ, ಇಬ್ರು ಬರಾಕತ್ತಾರ," ಎಂದು ಕೂಗುತ್ತಿದ್ದ.

ಹುಣ್ಣಿಮೆ ಕಳೆದು ಮೊಬೈಲ್ ಅಂಗಡಿಯವನು ಅಳತೆಯ ಟೇಪು ಹಿಡಿದು ಬಂದಾಗ ಖಾನಾವಳಿ ಮತ್ತೆ ತೆರೆದಿತ್ತು, ಬೆಂಚುಗಳು ತುಂಬಿದ್ದವು. ಅವನಿಗೂ ಒಂದು ತಾಟು ಇಟ್ಟೆ. ಒಳಗೆ ಅಕ್ಕ ಒಬ್ಬಳೇ. ಕುಕ್ಕರ್ ಕೂಗಿತು. ನಾನು ಲೋಟ ಹಿಡಿದು ನಿಂತಲ್ಲೇ ನಿಂತೆ. ಮತ್ತೆ ಕೂಗಿತು. ಕೊಕ್ಕರೆ ಅಡುಗೆಮನೆಯ ಬಾಗಿಲಿನಿಂದ ಹಿಮ್ಮುಖವಾಗಿ ಹೊರಬಂದು ಹೊಸ್ತಿಲ ಪಕ್ಕದ ಮೂಲೆಯಲ್ಲಿ ನಿಂತುಕೊಂಡಿತು. ಅದರ ಹಿಂದೆ ಅಕ್ಕ, ಬೆವರಿದ ಮುಖ, ಕೈಯಲ್ಲಿ ಹಬೆಯಾಡುವ ಬೇಳೆಸಾರಿನ ಪಾತ್ರೆ. ಅಂಗಡಿಯವನು ಎರಡು ಸಲ ಸಾರು ಹಾಕಿಸಿಕೊಂಡು ಉಂಡ, ಟೇಪು ಜೇಬಿಗೆ ಹಾಕಿಕೊಂಡು ಹೋದ.

ಚಳಿಗಾಲದಲ್ಲಿ ಕೊಕ್ಕರೆ ಕೆರೆ ದಾಟಿತು. ಮಾಸ್ತರರು ಪದ್ಧತಿಯಂತೆ ಅವಲಕ್ಕಿ ಬೆಲ್ಲದ ತಾಟು ಹಿಡಿದು ಖಾನಾವಳಿಗೆ ಬಂದರು. ಅಕ್ಕ ತಾಟು ಈಸಿಕೊಂಡು ಮೇಜಿನ ಮೇಲಿಟ್ಟಳು. "ಬೀಳ್ಕೊಡೂದಿಲ್ರಿ ಮಾಸ್ತರ. ಅದು ಬಂದ್ರ ನಿಂದರಾಕ ಇಲ್ಲಿ ಜಾಗಾ ಇರ್ಲಿ. ನಾ ಬೆನ್ನು ಹಾಕೂದಿಲ್ಲ," ಎಂದಳು. ಹೊಸ್ತಿಲ ಪಕ್ಕದ ಮೂಲೆಗೆ ಅವಳು ಬೆಂಚು ಹಾಕಿರಲಿಲ್ಲ. ಮಾಸ್ತರರು ಆ ಖಾಲಿ ಮೂಲೆಯನ್ನು ನೋಡಿ ಹೋದರು.

ಆಮೇಲೊಂದು ಮಧ್ಯಾಹ್ನ, ಊಟದ ಗದ್ದಲ ಇಳಿದ ಮೇಲೆ, ಅವರು ಮತ್ತೆ ಬಂದರು. ಹಿಂದೆ ಒಂದು ಕೊಕ್ಕರೆ. ಬೆಳಕು ಕಾಣದೆ ಮಾಸಿ ಹಳದಿಗೆ ತಿರುಗಿದ ಗರಿ, ಮುದುಡಿದ ರೆಕ್ಕೆ; ಎಷ್ಟು ವರ್ಷ ಕದದ ಹಿಂದೆ ನಿಂತಿತ್ತೋ. "ಹರೇದಾಗ ಪಂಕ್ತಿಯೊಳಗ ತುತ್ತು ಗಂಟಲಾಗ ಸಿಕ್ಕಿತ್ತವ್ವ," ಎಂದರು ಅಕ್ಕನಿಗೆ, ನೆಲ ನೋಡುತ್ತ. "ಉಸರು ನಿಂತಿತ್ತು. ಬೀಳ್ಕೊಟ್ಟೆ, ತಿರುಗಿ ಬಂತು. ಅಂದಿನಿಂದ ನಾಕ ಮಂದಿ ಎದುರು ಉಂಡಿಲ್ಲ. ವ್ರತ ಅಂತ ಹೇಳಿದೆ." ಇಷ್ಟು ಜನರ ಹೋಳಿಗೆ ಊಟದ ಬಾಗಿಲಲ್ಲಿ ನಿಂತು ಹಸಿದು ಮನೆಗೆ ಹೋದ ಮನುಷ್ಯ. ಅವತ್ತು ಅವರ ಬಾಗಿಲಲ್ಲಿ ಸಿಟ್ಟು ಮಾಡಿದ್ದ ನಾನು ಒಂದು ಬೆಂಚು ಒರೆಸಿದೆ.

ಅಕ್ಕ ಕೊಕ್ಕರೆಗೆ ಮೂಲೆ ತೋರಿಸಿದಳು, ಮಾಸ್ತರರಿಗೆ ಬೆಂಚು. ಮೆತ್ತಗಿನ ಅನ್ನಕ್ಕೆ ಬೇಳೆಸಾರು ಕಲಸಿ ಒಂದೇ ತುತ್ತಿನಷ್ಟು ತಾಟಿಗೆ ಹಾಕಿ ಮುಂದಿಟ್ಟಳು. ಅವರು ತುತ್ತು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ನಾನು ನೀರಿನ ಲೋಟ ಹಿಡಿದು ಅವರ ಪಕ್ಕಕ್ಕೆ ಹೋಗಲಿದ್ದೆ. ಅಕ್ಕ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಮಾಸ್ತರರು ಬಾಯಿಗೆ ಹಾಕಿಕೊಂಡರು. ಅವರ ಗಂಟಲಿನ ಮಣಿ ಮೇಲೆ ಹೋಯಿತು, ಅಲ್ಲೇ ನಿಂತಿತು, ಕೆಳಗಿಳಿಯಿತು.

ಅದೇ ಹೊತ್ತಿಗೆ ಒಳಗೆ ಸಂಜೆಯ ಬೇಳೆಗೆ ಇಟ್ಟ ಕುಕ್ಕರ್ ಜೋರಾಗಿ ಸೀಟಿ ಹೊಡೆಯಿತು. ಅಕ್ಕ ಬೆಚ್ಚಿದಳು. ಬಾಗಿಲಲ್ಲಿ ನೆರಳು ಬಿತ್ತು. ಕೆರೆಯಾಚೆಯಿಂದ ಬಂದ ಅವಳ ಕೊಕ್ಕರೆ, ಕಾಲಲ್ಲಿ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಒಂದು ಗಳಿಗೆ ಅದನ್ನು ದಿಟ್ಟಿಸಿ ನೋಡಿದಳು. "ಬಂದೇನ? ಮಾಸ್ತರರ ಹಕ್ಕಿ ಬಾಜೂಕ ನಿಂದ್ರು," ಎಂದಳು, "ಬ್ಯಾಳಿ ಇನ್ನೂ ಬೆಂದಿಲ್ಲ." ಹೇಳಿ, ಸೆರಗು ಸಿಕ್ಕಿಸಿಕೊಂಡು ಒಳಗೆ ಒಲೆಯ ಕಡೆ ನಡೆದಳು.